ಪದಕ ಯಾರಿಗೆ, ಕೋಪ ಯಾರ ಮೇಲೆ?

ಚಳಿಗಾಲದ ಕ್ರೀಡೆಗಳ ತೀರ್ಪಿನ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಪುಟ. ಬಹುತೇಕ ಪ್ರಶ್ನೆಗಳಲ್ಲಿ ಸಿಟ್ಟಿದೆ. ಸಿಟ್ಟು ಬರಲಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಯಾರ ಕಡೆ ತಿರುಗಬೇಕು ಅನ್ನುವುದರ ಬಗ್ಗೆ ನನಗೊಂದು ಗಟ್ಟಿ ಅಭಿಪ್ರಾಯ ಇದೆ, ಅದನ್ನೂ ಹೇಳಿದ್ದೇನೆ.

ಪ್ರಶ್ನೆ: ಫಿಗರ್ ಸ್ಕೇಟಿಂಗ್‌ನಲ್ಲಿ ಒಬ್ಬ ಧೊಪ್ಪನೆ ಬೀಳುತ್ತಾನೆ, ಇನ್ನೊಬ್ಬ ಒಂದೂ ತಪ್ಪಿಲ್ಲದೆ ಮುಗಿಸುತ್ತಾನೆ. ಕೊನೆಗೆ ಬಿದ್ದವನೇ ಮೇಲೆ! ಇದು ಯಾವ ನ್ಯಾಯ?

ಉತ್ತರ: ನೋಡೋಕೆ ಅನ್ಯಾಯ ಅನ್ನಿಸುತ್ತದೆ, ಆದರೆ ಲೆಕ್ಕ ಹಾಕಿ ನೋಡಿ. ಈಗಿನ ಪದ್ಧತಿಯಲ್ಲಿ ಪ್ರತಿ ಜಂಪ್‌ಗೂ ಮೊದಲೇ ನಿಗದಿಯಾದ ಮೂಲ ಅಂಕ ಇರುತ್ತದೆ. ಗಾಳಿಯಲ್ಲಿ ನಾಲ್ಕು ಸುತ್ತು ತಿರುಗುವ ಕ್ವಾಡ್ ಲಟ್ಸ್‌ಗೆ 11.50. ಮೂರು ಸುತ್ತಿನ ಜಂಪ್‌ಗಳಲ್ಲೇ ಸುಲಭವಾದ ಟ್ರಿಪಲ್ ಟೋ ಲೂಪ್‌ಗೆ 4.20. ಇದರ ಮೇಲೆ ಒಂಬತ್ತು ಜಡ್ಜ್‌ಗಳು ಮೈನಸ್ 5ರಿಂದ ಪ್ಲಸ್ 5ರವರೆಗೆ ಗುಣಮಟ್ಟದ ಅಂಕ ಹಾಕುತ್ತಾರೆ. ಒಂದೊಂದು ಮೆಟ್ಟಿಲಿಗೂ ಮೂಲ ಅಂಕದ ಹತ್ತನೇ ಒಂದು ಭಾಗ ಕೂಡುತ್ತದೆ ಅಥವಾ ಕಳೆಯುತ್ತದೆ. ಕ್ವಾಡ್ ಲಟ್ಸ್‌ನಲ್ಲಿ ನಾಲ್ಕೂ ಸುತ್ತು ಪೂರ್ತಿ ತಿರುಗಿ ಆಮೇಲೆ ಬಿದ್ದರೆ ಮೈನಸ್ 5, ಅಂದರೆ ಅರ್ಧ ಹೋಯಿತು, ಉಳಿದದ್ದು 5.75. ಬಿದ್ದಿದ್ದಕ್ಕೆ ಇನ್ನೊಂದು ಅಂಕ ಕಟ್, ಕೈಗೆ ಬಂದದ್ದು 4.75. ಇತ್ತ ಟೋ ಲೂಪ್ ಅನ್ನು ತಪ್ಪಿಲ್ಲದೆ, ಆದರೆ ಸಾಧಾರಣವಾಗಿ ಇಳಿಸಿದವನಿಗೆ 4.20. ಬಿದ್ದವನೇ ಮುಂದೆ!

ನಿಯಮ ಹೀಗಿರುವುದು ಸರಿಯಾ? ನನ್ನ ಪ್ರಕಾರ ಬಿದ್ದಿದ್ದಕ್ಕೆ ಕಡಿತ ಇನ್ನೂ ಸ್ವಲ್ಪ ಜಾಸ್ತಿ ಇರಬೇಕು. ಆದರೆ ಕಷ್ಟದ ಜಂಪ್‌ಗೆ ಬೆಲೆಯೇ ಇಲ್ಲದಂತೆ ಮಾಡಿದರೆ ಯಾರೂ ಅದಕ್ಕೆ ಕೈ ಹಾಕುವುದಿಲ್ಲ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಇದಕ್ಕೆ ತಿರುಗುಮುರುಗು ಜಗಳ ಆಗಿತ್ತು. ಅಮೆರಿಕದ ಇವಾನ್ ಲೈಸಾಚೆಕ್ ಒಂದೂ ಕ್ವಾಡ್ ಹಾಕದೆ ಗೆದ್ದರು, ಕ್ವಾಡ್ ಹಾಕಿದ ರಷ್ಯಾದ ಯೆವ್ಗೆನಿ ಪ್ಲುಶೆಂಕೊ 1.31 ಅಂಕದಿಂದ ಸೋತರು. ಕಾಲು ಸೋಲುವ ದ್ವಿತೀಯಾರ್ಧದಲ್ಲಿ ಮಾಡಿದ ಜಂಪ್‌ಗೆ ಆಗ ಶೇ 10 ಹೆಚ್ಚಿಗೆ ಸಿಗುತ್ತಿತ್ತು, ಲೈಸಾಚೆಕ್ ಅದನ್ನು ಚೆನ್ನಾಗಿ ಬಳಸಿಕೊಂಡಿದ್ದರು. ಆಗ ಕ್ವಾಡ್‌ಗೆ ಬೆಲೆ ಇಲ್ಲ ಅಂತ ಕೂಗಿದರು, ಈಗ ಕ್ವಾಡ್‌ಗೆ ಬೆಲೆ ಅತಿಯಾಯಿತು ಅಂತ ಕೂಗುತ್ತಾರೆ.

ಪ್ರಶ್ನೆ: ಜಡ್ಜ್‌ಗಳು ತಮ್ಮ ದೇಶದವರಿಗೆ ಅಂಕ ಜಾಸ್ತಿ ಹಾಕುತ್ತಾರೆ ಅನ್ನುವುದು ನಿಜವಾ, ಇಲ್ಲ ಸೋತವರ ಗೊಣಗಾಟವಾ?

ಉತ್ತರ: ನಿಜ. ಊಹೆಯಲ್ಲ, ಶಿಕ್ಷೆಯಾದ ಪ್ರಕರಣಗಳೇ ಇವೆ. 1998ರ ನಾಗಾನೊ ಕೂಟದಲ್ಲಿ, ಜೋಡಿಯಾಗಿ ಕುಣಿಯುವ ಐಸ್ ಡ್ಯಾನ್ಸ್‌ನಲ್ಲಿ ಯಾರಿಗೆ ಯಾವ ಸ್ಥಾನ ಅಂತ ಸ್ಪರ್ಧೆಗೆ ಮುಂಚೆಯೇ ಮಾತಾಡಿದ ಉಕ್ರೇನಿನ ಜಡ್ಜ್ ಒಬ್ಬರ ಮಾತನ್ನು ಕೆನಡಾದ ಜಡ್ಜ್ ಫೋನಿನಲ್ಲಿ ರೆಕಾರ್ಡ್ ಮಾಡಿದ್ದರು. ಉಕ್ರೇನಿನ ಆ ಜಡ್ಜ್‌ಗೆ ಒಂದು ವರ್ಷ ನಿಷೇಧ ಬಿತ್ತು. 2018ರ ಪ್ಯೊಂಗ್‌ಚಾಂಗ್ ಕೂಟದ ಬಳಿಕ ಚೀನಾದ ಇಬ್ಬರು ಜಡ್ಜ್‌ಗಳನ್ನು ತಮ್ಮ ದೇಶದವರ ಪರ ಅಂಕ ಹಾಕಿದ್ದಕ್ಕೆ ಅಮಾನತು ಮಾಡಿದರು, ಒಬ್ಬರಿಗೆ ಎರಡು ವರ್ಷ, ಇನ್ನೊಬ್ಬರಿಗೆ ಒಂದು ವರ್ಷ.

ಎರಿಕ್ ಜಿಟ್ಸೆವಿಟ್ಜ್ ಎಂಬ ಅರ್ಥಶಾಸ್ತ್ರಜ್ಞ ಫಿಗರ್ ಸ್ಕೇಟಿಂಗ್ ಮತ್ತು ಸ್ಕೀ ಜಂಪಿಂಗ್ (ಇಳಿಜಾರಿನಿಂದ ಹಾರಿ ದೂರ ಜಿಗಿಯುವ ಆಟ) ಎರಡರ ಅಂಕಗಳನ್ನೂ ಜಾಲಾಡಿದರು. ಎರಡರಲ್ಲೂ ತಮ್ಮವರ ಕಡೆ ಒಲವು ಕಂಡಿತು. ಆದರೆ ಸ್ಕೀ ಜಂಪಿಂಗ್‌ನಲ್ಲಿ ಒಬ್ಬ ಜಡ್ಜ್ ತನ್ನವನಿಗೆ ಜಾಸ್ತಿ ಹಾಕಿದರೆ ಉಳಿದವರು ಸ್ವಲ್ಪ ಕಡಿಮೆ ಹಾಕಿ ಸರಿದೂಗಿಸುತ್ತಿದ್ದರು. ಸ್ಕೇಟಿಂಗ್‌ನಲ್ಲಿ ಉಳಿದವರೂ ಅದೇ ಕಡೆ ವಾಲುತ್ತಿದ್ದರು. ನೀನು ನನ್ನವರಿಗೆ ಹಾಕು, ನಾನು ನಿನ್ನವರಿಗೆ ಹಾಕುತ್ತೇನೆ ಅನ್ನುವ ಕೊಡುಕೊಳ್ಳುವಿಕೆಯ ಗುರುತು ಅದು. ಇದಕ್ಕೊಂದು ಕಾರಣವನ್ನೂ ಅವರು ತೋರಿಸಿದರು. ಸ್ಕೀ ಜಂಪಿಂಗ್‌ನಲ್ಲಿ ಜಡ್ಜ್‌ಗಳನ್ನು ಆರಿಸುವುದು ಅಂತರರಾಷ್ಟ್ರೀಯ ಒಕ್ಕೂಟ. ಸ್ಕೇಟಿಂಗ್‌ನಲ್ಲಿ ಆಯಾ ದೇಶದ ಸಂಘಗಳೇ ಹೆಸರು ಕಳಿಸುತ್ತವೆ. ಮುಂದಿನ ಸಲವೂ ತನ್ನನ್ನೇ ಕಳಿಸಬೇಕು ಅಂತ ಆಸೆ ಇರುವ ಜಡ್ಜ್ ತನ್ನ ಸಂಘಕ್ಕೆ ಬೇಸರ ಆಗುವ ಹಾಗೆ ಅಂಕ ಹಾಕುವುದು ಸುಲಭವಲ್ಲ, ಅಲ್ವಾ? ಅಭಿಮಾನಿಗಳು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಈ ಜಡ್ಜ್ ಅನ್ನು ಇಲ್ಲಿ ಕೂರಿಸಿದವರು ಯಾರು?

ಪ್ರಶ್ನೆ: ಹಿಂದೆ ಒಂದೇ ಸ್ಪರ್ಧೆಗೆ ಎರಡು ಚಿನ್ನ ಕೊಟ್ಟಿದ್ದರಂತೆ. ಏನಾಗಿತ್ತು?

ಉತ್ತರ: 2002, ಸಾಲ್ಟ್ ಲೇಕ್ ಸಿಟಿ, ಜೋಡಿ ಸ್ಕೇಟಿಂಗ್. ರಷ್ಯಾದ ಯೆಲೆನಾ ಬೆರೆಜ್‌ನಾಯಾ ಮತ್ತು ಆಂಟನ್ ಸಿಖಾರುಲಿಡ್ಜೆ ಸೊಗಸಾಗಿ ಆಡಿದರು, ಆದರೆ ಡಬಲ್ ಆಕ್ಸೆಲ್ ಅನ್ನುವ ಜಂಪ್‌ನಿಂದ ಇಳಿಯುವಾಗ ಆಂಟನ್ ಸ್ವಲ್ಪ ತಡವರಿಸಿದರು. ಆಮೇಲೆ ಬಂದ ಕೆನಡಾದ ಜೇಮಿ ಸಾಲೆ ಮತ್ತು ಡೇವಿಡ್ ಪೆಲ್ಟಿಯೆ ಒಂದೂ ತಪ್ಪಿಲ್ಲದೆ ಮುಗಿಸಿದರು. ಆಗ ಪೂರ್ಣಾಂಕ 6.0. ಜನ ‘ಸಿಕ್ಸ್, ಸಿಕ್ಸ್’ ಅಂತ ಕೂಗುತ್ತಿದ್ದರು. ಒಂಬತ್ತು ಜಡ್ಜ್‌ಗಳಲ್ಲಿ ಐವರು ರಷ್ಯಾಕ್ಕೆ, ನಾಲ್ವರು ಕೆನಡಾಕ್ಕೆ. ಕ್ರೀಡಾಂಗಣದಲ್ಲಿ ಕೂಗಾಟ ಶುರುವಾಯಿತು. ಆಮೇಲೆ ಫ್ರಾನ್ಸಿನ ಜಡ್ಜ್ ತನ್ನ ಮೇಲೆ ತನ್ನ ಸಂಘದ ಮುಖ್ಯಸ್ಥರ ಒತ್ತಡ ಇತ್ತು ಅಂದರು. ಜೋಡಿ ಸ್ಪರ್ಧೆಯಲ್ಲಿ ರಷ್ಯಾದವರಿಗೆ ಮತ, ಐಸ್ ಡ್ಯಾನ್ಸ್‌ನಲ್ಲಿ ಫ್ರಾನ್ಸಿನವರಿಗೆ ಮತ ಅನ್ನುವ ಒಪ್ಪಂದದ ಆರೋಪ ಅದು. ಮುಂದೆ ಅವರು ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಆದರೂ ಆ ಜಡ್ಜ್‌ಗೂ ಸಂಘದ ಮುಖ್ಯಸ್ಥರಿಗೂ ಮೂರು ವರ್ಷ ಅಮಾನತು ಆಯಿತು. ಸ್ಪರ್ಧೆ ಮುಗಿದ ಕೆಲವೇ ದಿನದಲ್ಲಿ ಕೆನಡಾದ ಜೋಡಿಗೂ ಚಿನ್ನ ಘೋಷಿಸಿ ಮತ್ತೊಮ್ಮೆ ಪದಕ ಪ್ರದಾನ ಮಾಡಿದರು. ಎರಡೂ ಜೋಡಿಗಳು ಅಕ್ಕಪಕ್ಕ ನಿಂತಿದ್ದರು.

ಇಲ್ಲಿ ಜನ ಮರೆತೇಬಿಡುವ ಒಂದು ವಿಷಯ ಹೇಳಬೇಕು. ಯೆಲೆನಾಗೆ 1996ರಲ್ಲಿ ಅಭ್ಯಾಸದ ವೇಳೆ ಆಗಿನ ಜೊತೆಗಾರನ ಸ್ಕೇಟ್‌ನ ಅಲಗು ತಲೆಬುರುಡೆಗೆ ನಾಟಿತ್ತು. ಆಕೆ ಮಾತಾಡುವುದನ್ನೇ ಮತ್ತೆ ಕಲಿಯಬೇಕಾಯಿತು. ಆರು ವರ್ಷ ಕಳೆದು ಒಲಿಂಪಿಕ್ಸ್ ಚಿನ್ನ! ಅಂಥ ಹುಡುಗಿಯ ಪದಕದ ಹೆಸರು ಬಂದ ಕೂಡಲೇ ಜನರಿಗೆ ನೆನಪಾಗುವುದು ಹಗರಣ. ಒಳಗೆ ಕೂತು ವ್ಯವಹಾರ ಮಾಡಿದವರು ಕೆನಡಾದವರಿಂದ ಕಿತ್ತುಕೊಂಡಷ್ಟೇ ಈಕೆಯಿಂದಲೂ ಕಿತ್ತುಕೊಂಡರು. ನನಗೆ ಇವತ್ತಿಗೂ ಸಂಕಟ ಆಗುವುದು ಇದಕ್ಕೇ.

ಪ್ರಶ್ನೆ: ಆ ಗಲಾಟೆಯಿಂದ ಪಾಠ ಕಲಿತ ಮೇಲೂ 2014ರ ಸೋಚಿ ಕೂಟದಲ್ಲಿ ದಕ್ಷಿಣ ಕೊರಿಯಾದ ಕಿಮ್ ಯುನಾಗೆ ಮೋಸ ಆಯಿತಲ್ಲ?

ಉತ್ತರ: ಪಾಠ ಕಲಿತರು, ಅರ್ಧ. 6.0 ಪದ್ಧತಿ ಹೋಯಿತು, 2006ರ ಟುರಿನ್ ಕೂಟಕ್ಕೆ ಹೊಸ ಪದ್ಧತಿ ಬಂತು. ಆದರೆ ಜೊತೆಗೆ ಇನ್ನೊಂದು ಕೆಲಸ ಮಾಡಿದರು: ಯಾವ ಅಂಕ ಯಾವ ಜಡ್ಜ್‌ನದು ಅಂತ ಗೊತ್ತಾಗದಂತೆ ಮುಚ್ಚಿಟ್ಟರು. ಒತ್ತಡ ಹಾಕುವವರಿಗೆ ತಮ್ಮ ಮಾತು ನಡೆಯಿತಾ ಇಲ್ಲವಾ ಅಂತ ತಿಳಿಯಬಾರದು ಅನ್ನುವುದು ಅವರ ವಾದ. ಆಗಿದ್ದೇನು ಅಂದರೆ ಅಭಿಮಾನಿಗಳಿಗೂ ಪತ್ರಕರ್ತರಿಗೂ ಏನೂ ತಿಳಿಯಲಿಲ್ಲ. ಮೇಲೆ ಹೇಳಿದ ಜಿಟ್ಸೆವಿಟ್ಜ್ ಅವರೇ ಲೆಕ್ಕ ಹಾಕಿ ನೋಡಿದಾಗ ಪಕ್ಷಪಾತ ಕಡಿಮೆ ಆಗಿರಲಿಲ್ಲ, ಸ್ವಲ್ಪ ಜಾಸ್ತಿಯೇ ಆಗಿತ್ತು.

ಸೋಚಿಯಲ್ಲಿ ನಡೆದದ್ದು ಈ ಮುಚ್ಚುಮರೆಯ ಕಾಲದಲ್ಲೇ. ಮೊದಲ ಸುತ್ತಿನಲ್ಲಿ ಕಿಮ್ 74.92, ರಷ್ಯಾದ ಅಡೆಲಿನಾ ಸೊಟ್ನಿಕೊವಾ 74.64. ಕೊನೆಯಲ್ಲಿ ಸೊಟ್ನಿಕೊವಾ 224.59, ಕಿಮ್ 219.11. ಕೊನೆಯ ಸುತ್ತಿನಲ್ಲಿ ಸೊಟ್ನಿಕೊವಾ ಏಳು ಟ್ರಿಪಲ್ ಹಾಕಿದ್ದರು, ಕಿಮ್ ಆರು. ಹಾಗಾಗಿ ಮೂಲ ಅಂಕದಲ್ಲಿ ಸೊಟ್ನಿಕೊವಾ ಮುಂದಿದ್ದುದು ನ್ಯಾಯವೇ. ಐದು ಅಂಕಕ್ಕೂ ಮೀರಿದ ಅಂತರ ನ್ಯಾಯವಾ ಅಂದರೆ ನಾನು ಒಪ್ಪುವುದಿಲ್ಲ. ಕಿಮ್ ಅವರ ಓಟದ ವೇಗ, ಜಂಪ್‌ಗೆ ಏರುವಾಗಿನ ನಿರಾಳ, ಸಂಗೀತದ ಜೊತೆ ಕೈ ಕಾಲು ಸೇರುವ ರೀತಿ, ಇವುಗಳಿಗೆ ಸಿಕ್ಕ ಅಂಕ ಕಡಿಮೆಯಾಯಿತು ಅಂತಲೇ ನನ್ನ ಅನಿಸಿಕೆ. ಆ ಜಡ್ಜ್‌ಗಳ ಸಾಲಿನಲ್ಲಿ ನಾಗಾನೊದಲ್ಲಿ ನಿಷೇಧಕ್ಕೆ ಒಳಗಾಗಿದ್ದ ಅದೇ ವ್ಯಕ್ತಿ ಇದ್ದರು. ರಷ್ಯಾ ಸ್ಕೇಟಿಂಗ್ ಸಂಘದ ಹಿರಿಯ ಪದಾಧಿಕಾರಿಯ ಪತ್ನಿಯೂ ಇದ್ದರು. ಇವರು ತಪ್ಪು ಅಂಕ ಹಾಕಿದರು ಅಂತ ನಾನು ಹೇಳುತ್ತಿಲ್ಲ. ಇವರನ್ನು ಅಲ್ಲಿ ಕೂರಿಸಲೇಬಾರದಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಜನ ತನಿಖೆ ಕೇಳಿ ಆನ್‌ಲೈನ್ ಮನವಿಗೆ ಸಹಿ ಹಾಕಿದರು. ದಕ್ಷಿಣ ಕೊರಿಯಾದ ದೂರನ್ನು ತಳ್ಳಿಹಾಕಿದರು, ಫಲಿತಾಂಶ ಬದಲಾಗಲಿಲ್ಲ. ಆದರೆ 2016ರಲ್ಲಿ ಮುಚ್ಚುಮರೆಯ ಪದ್ಧತಿಯನ್ನು ಕೈಬಿಟ್ಟರು. 2018ರಲ್ಲಿ ಚೀನಾದ ಆ ಇಬ್ಬರು ಜಡ್ಜ್‌ಗಳ ಅಂಕಗಳು ಎಲ್ಲರ ಕಣ್ಣಿಗೂ ಬಿದ್ದದ್ದು ಇದರಿಂದಲೇ.

ಪ್ರಶ್ನೆ: ಕ್ರಿಕೆಟ್‌ನಲ್ಲಿ ಡಿಆರ್‌ಎಸ್ ಇದೆ. ಸ್ನೋಬೋರ್ಡ್‌ನಲ್ಲಿ ರಿಪ್ಲೇ ನೋಡಿ ತೀರ್ಪು ಕೊಡೋಕೆ ಏನು ಕಷ್ಟ?

ಉತ್ತರ: 2022ರ ಬೀಜಿಂಗ್ ನೋಡಿ ಈ ಪ್ರಶ್ನೆ ಹುಟ್ಟಿರಬೇಕು. ಅಡೆತಡೆಗಳಿರುವ ಇಳಿಜಾರಿನಲ್ಲಿ ಕಸರತ್ತು ಮಾಡುವ ಸ್ಲೋಪ್‌ಸ್ಟೈಲ್‌ನಲ್ಲಿ ಕೆನಡಾದ ಮ್ಯಾಕ್ಸ್ ಪ್ಯಾರಟ್ ಒಂದು ಜಂಪ್‌ನಲ್ಲಿ ಬೋರ್ಡ್ ಹಿಡಿಯಬೇಕಾದ ಕಡೆ ಮೊಣಕಾಲು ಹಿಡಿದಿದ್ದರು. ಜಡ್ಜ್‌ಗಳು ನೋಡಿದ ಕೋನದಲ್ಲಿ ಕೈ ಬೋರ್ಡ್ ಮೇಲೇ ಇದ್ದಂತೆ ಕಂಡಿತು. ಟಿವಿಯಲ್ಲಿ ಇನ್ನೊಂದು ಕೋನದಿಂದ ತೋರಿಸಿದಾಗ ಮೊಣಕಾಲು ಸ್ಪಷ್ಟವಾಗಿ ಕಂಡಿತು. ಅಷ್ಟರಲ್ಲಿ ಅಂಕ ಹೋಗಿಯಾಗಿತ್ತು: ಪ್ಯಾರಟ್‌ಗೆ 90.96, ಚೀನಾದ ಸು ಯಿಮಿಂಗ್‌ಗೆ 88.70. ತಪ್ಪಾಗಿದೆ ಅಂತ ಮುಖ್ಯ ಜಡ್ಜ್ ಒಪ್ಪಿಕೊಂಡರು. ಅರ್ಧ ಕೊಳವೆಯಂಥ ಹಿಮದ ಹಾದಿಯಲ್ಲಿ ನಡೆಯುವ ಹಾಫ್‌ಪೈಪ್‌ನಲ್ಲಿ ಜಪಾನಿನ ಅಯುಮು ಹಿರಾನೊ ಎರಡನೇ ಸರದಿಯಲ್ಲಿ ಟ್ರಿಪಲ್ ಕಾರ್ಕ್ ಅನ್ನುವ ಅತಿ ಕಷ್ಟದ ಜಂಪ್ ಹಾಕಿ ಪೂರ್ತಿ ಓಟ ಮುಗಿಸಿದರೆ 91.75 ಕೊಟ್ಟು ಎರಡನೇ ಸ್ಥಾನದಲ್ಲಿಟ್ಟರು. ವೀಕ್ಷಕ ವಿವರಣೆ ಕೊಡುತ್ತಿದ್ದವರೂ ಸಿಡಿದೆದ್ದರು. ಹಿರಾನೊ ಮೂರನೇ ಸರದಿಯಲ್ಲಿ ಅದೇ ಜಂಪ್‌ಗಳನ್ನು ಮತ್ತೆ ಹಾಕಿದರು. 96.00. ಚಿನ್ನ!

ಜಡ್ಜ್‌ಗಳಿಗೆ ಎಲ್ಲ ಕ್ಯಾಮೆರಾ ಕೋನಗಳೂ ಸಿಗಬೇಕು, ಇದರಲ್ಲಿ ಎರಡು ಮಾತಿಲ್ಲ. ಮನೆಯಲ್ಲಿ ಕೂತವರಿಗೆ ಕಾಣುವುದು ಜಡ್ಜ್‌ಗೆ ಕಾಣದಿದ್ದರೆ ಅದು ಜಡ್ಜ್‌ನ ತಪ್ಪಲ್ಲ, ಆಯೋಜಕರ ತಪ್ಪು. ಆಗ 17 ವರ್ಷದವರಾಗಿದ್ದ ಸು ಮತ್ತು ಅವರ ಕೋಚ್ ಜಡ್ಜ್‌ಗಳನ್ನು ಬೈಯಬೇಡಿ ಅಂತ ಅಭಿಮಾನಿಗಳನ್ನು ಕೇಳಿಕೊಂಡರು. ಒಂದು ವಾರ ಕಳೆದು, ಒಂದೇ ದೊಡ್ಡ ಜಂಪ್‌ನ ಬಿಗ್ ಏರ್ ಸ್ಪರ್ಧೆಯಲ್ಲಿ ಸು ಚಿನ್ನ ಗೆದ್ದರು.

ಪ್ರಶ್ನೆ: ಸ್ಕೀ ಜಂಪಿಂಗ್‌ನಲ್ಲಿ ಬಟ್ಟೆ ಸಡಿಲ ಅಂತ ಅನರ್ಹ ಮಾಡುವುದು ಅತಿಯಾಗಲಿಲ್ಲವೇ?

ಉತ್ತರ: ನಿಯಮ ಬೇಕು. ಸೂಟ್ ಸಡಿಲ ಇದ್ದಷ್ಟೂ ಗಾಳಿ ಹಿಡಿಯುತ್ತದೆ, ಜಿಗಿತ ಉದ್ದವಾಗುತ್ತದೆ. 2025ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಾರ್ವೆ ತಂಡದ ಸಿಬ್ಬಂದಿ ಗಾಳಿ ಹಿಡಿಯಲಿ ಅಂತ ಸೂಟ್‌ಗೆ ಗಟ್ಟಿ ದಾರ ಹೊಲಿದು ಸಿಕ್ಕಿಬಿದ್ದರಲ್ಲ, ಕದ್ದು ತೆಗೆದ ವಿಡಿಯೋದಿಂದ ಅದು ಹೊರಬಂತು. ಆದರೆ 2022ರ ಮಿಶ್ರ ತಂಡ ಸ್ಪರ್ಧೆಯಲ್ಲಿ ನಾಲ್ಕು ದೇಶಗಳ ಐವರು ಮಹಿಳೆಯರನ್ನು ಒಂದೇ ದಿನ ಅನರ್ಹ ಮಾಡಿದ ರೀತಿ ಸರಿಯಿರಲಿಲ್ಲ. ಅಳತೆ ಎಲ್ಲರಿಗೂ, ಎಲ್ಲ ದಿನವೂ, ಜಿಗಿಯುವ ಮುಂಚೆಯೇ ಒಂದೇ ಥರ ಆಗಬೇಕು.

ಪ್ರಶ್ನೆ: ಅನ್ಯಾಯ ಕಂಡಾಗ ಗೆದ್ದವರ ಪುಟಕ್ಕೇ ಹೋಗಿ ಬರೆಯುತ್ತೇನೆ. ನನ್ನ ತಮ್ಮ ಅದು ತಪ್ಪು ಅನ್ನುತ್ತಾನೆ. ನೀವೇನಂತೀರಿ?

ಉತ್ತರ: ನಿಮ್ಮ ತಮ್ಮ ಹೇಳಿದ್ದು ಸರಿ. 2018ರಲ್ಲಿ ಶಾರ್ಟ್ ಟ್ರ್ಯಾಕ್ (ಐಸ್ ಮೇಲಿನ ಸ್ಕೇಟಿಂಗ್ ಓಟ) 500 ಮೀಟರ್‌ನಲ್ಲಿ ಕೊರಿಯಾದ ಚೊಯ್ ಮಿನ್‌ಜಿಯಾಂಗ್ ಅನರ್ಹರಾದರು, ಕೆನಡಾದ ಕಿಮ್ ಬೂಟಿನ್‌ಗೆ ಕಂಚು ಸಿಕ್ಕಿತು. ತೀರ್ಪು ಕೊಟ್ಟದ್ದು ರೆಫರಿ. ಕೊಲೆ ಬೆದರಿಕೆ ಬಂದದ್ದು ಬೂಟಿನ್‌ಗೆ. ಪೊಲೀಸರ ತನಕ ಹೋಯಿತು, ಪದಕ ತೆಗೆದುಕೊಳ್ಳುವಾಗ ಆಕೆ ಅಳುತ್ತಿದ್ದರು. ತನ್ನ ಅಂಕವನ್ನು ತಾನೇ ಹಾಕಿಕೊಂಡ ಆಟಗಾರ ಯಾರೂ ಇಲ್ಲ. ಬರೆಯಿರಿ, ಜೋರಾಗಿಯೇ ಬರೆಯಿರಿ, ಆದರೆ ಒಕ್ಕೂಟಕ್ಕೆ ಬರೆಯಿರಿ, ಜಡ್ಜ್‌ಗಳನ್ನು ಹೇಗೆ ಆರಿಸಿದಿರಿ ಅಂತ ಕೇಳಿ. ಗೆದ್ದವರ ಪುಟದಲ್ಲಿ ಬರೆದದ್ದನ್ನು ಇವತ್ತೇ ಅಳಿಸಿಬಿಡಿ.

ಪ್ರಶ್ನೆ: ಯಾವ ಜಡ್ಜ್ ಎಷ್ಟು ಹಾಕಿದರು ಅಂತ ನಾವೇ ನೋಡಬಹುದಾ?

ಉತ್ತರ: ಫಿಗರ್ ಸ್ಕೇಟಿಂಗ್‌ನಲ್ಲಿ ಖಂಡಿತ ನೋಡಬಹುದು. ಸ್ಪರ್ಧೆ ಮುಗಿದ ಮೇಲೆ ಪ್ರೋಟೊಕಾಲ್ ಅನ್ನುವ ಅಂಕಪಟ್ಟಿ ಆನ್‌ಲೈನ್‌ನಲ್ಲಿ ಬರುತ್ತದೆ. ಎಡಗಡೆ ಜಂಪ್‌ನ ಹೆಸರು, ಪಕ್ಕದಲ್ಲಿ ಮೂಲ ಅಂಕ, ಅದರ ಮುಂದೆ ಒಂಬತ್ತು ಕಾಲಂ, ಒಬ್ಬೊಬ್ಬ ಜಡ್ಜ್‌ಗೆ ಒಂದೊಂದು. ಎಂಟು ಜನ 2, 3 ಹಾಕಿರುವ ಸಾಲಿನಲ್ಲಿ ಒಬ್ಬರೇ 5 ಹಾಕಿದ್ದರೆ ಕಣ್ಣಿಗೆ ಹೊಡೆಯುತ್ತದೆ. ಒಂದೇ ಜಂಪ್‌ನಲ್ಲಿ ಹಾಗಾದರೆ ಬಿಟ್ಟುಬಿಡಿ, ಅತಿ ಹೆಚ್ಚಿನದೊಂದನ್ನೂ ಅತಿ ಕಡಿಮೆಯದೊಂದನ್ನೂ ತೆಗೆದು ಉಳಿದ ಏಳರ ಸರಾಸರಿ ಮಾಡುತ್ತಾರೆ. ಆದರೆ ಅದೇ ಜಡ್ಜ್ ಪಟ್ಟಿಯುದ್ದಕ್ಕೂ ತನ್ನ ದೇಶದವರಿಗೆ ಮೇಲೆ, ಎದುರಾಳಿಗೆ ಕೆಳಗೆ ಹಾಕಿದ್ದರೆ ಸಂಶಯ ಪಡಿ. ಜಂಪ್‌ನ ಹೆಸರಿನ ಪಕ್ಕ ಬಾಣದ ತುದಿಯಂಥ ಗುರುತಿದ್ದರೆ ಸುತ್ತು ಪೂರ್ತಿಯಾಗಿಲ್ಲ ಅಂತ ಅರ್ಥ, ಮೂಲ ಅಂಕವೇ ಇಳಿಯುತ್ತದೆ. ಆ ಗುರುತು ಹಾಕುವುದು ಈ ಒಂಬತ್ತು ಜನ ಅಲ್ಲ, ರಿಪ್ಲೇ ನೋಡುವ ತಾಂತ್ರಿಕ ತಂಡ. ಟಿವಿಯಲ್ಲಿ ಚೆನ್ನಾಗಿ ಇಳಿದಂತೆ ಕಂಡ ಜಂಪ್‌ಗೆ ಅಂಕ ಕಡಿಮೆ ಬಂದಿದ್ದರೆ ಮೊದಲು ಅಲ್ಲಿ ನೋಡಿ.