ಯೂರೋಪಿನ ಹಳೆಯ ಚಿತ್ರಗಳಲ್ಲಿ ಇಲಿಗೆ ಏನರ್ಥ?

ಇಲಿ ಎಂದರೆ ಹೆಚ್ಚಾಗಿ ಕೇಡು, ಸೈತಾನ. ಆದರೆ ಯಾವಾಗಲೂ ಅಲ್ಲ.

ನನಗೆ ತುಂಬಾ ಇಷ್ಟವಾದ ಉದಾಹರಣೆಯಲ್ಲಿ ಇಲಿಯೇ ಇಲ್ಲ, ಬರೀ ಇಲಿಬೋನು ಇದೆ! ನ್ಯೂಯಾರ್ಕಿನ ಕ್ಲಾಯಿಸ್ಟರ್ಸ್ ಮ್ಯೂಸಿಯಂನಲ್ಲಿರುವ ಮೆರೋಡ್ ಚಿತ್ರ ನೋಡಿ. ಸುಮಾರು 1430ರದು, ಚಿತ್ರಕಾರ ರಾಬರ್ಟ್ ಕಾಂಪಿನ್ ಕಾರ್ಯಾಗಾರದ್ದು. ಮೂರು ಹಲಗೆಗಳ ಚಿತ್ರ. ನಡುವೆ ಮೇರಿಗೆ ದೇವದೂತ ಮಗು ಯೇಸು ಕ್ರಿಸ್ತ ಹುಟ್ಟುವ ಸುದ್ದಿ ತಂದಿದ್ದಾನೆ. ಬಲಗಡೆ ಅವಳ ಗಂಡ, ಬಡಗಿ ಜೋಸೆಫ್, ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದಾನೆ. ಅವನ ಮೇಜಿನ ಮೇಲೊಂದು ಇಲಿಬೋನು, ಕಿಟಕಿಯ ಹೊರಗಿನ ಹಲಗೆಯ ಮೇಲೆ ಇನ್ನೊಂದು. ಸುಮ್ನೆ ಇಟ್ಟಿದ್ದಲ್ಲ. ಶಿಲುಬೆಯೇ ಸೈತಾನನಿಗೆ ಒಡ್ಡಿದ ಇಲಿಬೋನು, ಕ್ರಿಸ್ತನ ಸಾವು ಅದರೊಳಗಿನ ತಿಂಡಿ ಎಂದು ಸಂತ ಅಗಸ್ಟೀನ್ ಬೋಧಿಸಿದ್ದರು. 1945ರಲ್ಲಿ ಕಲಾ ಇತಿಹಾಸಕಾರ ಮೇಯರ್ ಶಪಿರೋ ಈ ನಂಟನ್ನು ತೋರಿಸಿಕೊಟ್ಟರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ, ನನಗಂತೂ ಸರಿ ಅನ್ನಿಸುತ್ತದೆ. ಮಗು ಬರುವ ಸುದ್ದಿ ಅಲ್ಲಿ, ಬೋನು ಇಲ್ಲಿ. ಎಷ್ಟು ಚೆನ್ನಾಗಿ ಹೊಂದುತ್ತದೆ ಅಲ್ವಾ?

ಇನ್ನು, ನಿವೆಲ್‌ನ ಸಂತ ಗರ್ಟ್ರೂಡ್ ಚಿತ್ರಗಳಲ್ಲಿ ಅವಳ ಕೋಲಿನ ಮೇಲೆ ಇಲಿಗಳು ಹತ್ತುತ್ತಿರುತ್ತವೆ. ಅವು ಬಿಡುಗಡೆಗೆ ಕಾಯುವ ಸತ್ತವರ ಆತ್ಮಗಳು ಎನ್ನುತ್ತಾರೆ. 17ನೇ ಶತಮಾನದ ಡಚ್ಚರಲ್ಲಿ ಬೋನಿಗೆ ಬಿದ್ದ ಇಲಿಯೆಂದರೆ ಪ್ರೀತಿಗೆ ಸಿಕ್ಕಿಬಿದ್ದವನು.