ಅಮೆರಿಕದಲ್ಲಿ ಈಗಲೂ ಬಣ್ಣ ನೋಡುತ್ತಾರಾ ಅಂತ ಕೇಳಿದ್ದೀರಿ

ಮೈಸೂರಿನಿಂದ ಡಲ್ಲಾಸ್‌ಗೆ ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಹೊರಟಿದ್ದೀರಿ, ಅದರ ಸ್ಟಾಂಪಿಂಗ್ ಇನ್ನೂ ಆಗಬೇಕು. ಜೊತೆಗೆ ಹೆಂಡತಿ, ಎರಡನೇ ಕ್ಲಾಸಿನ ಮಗಳು. ಆಮೇಲೆ ಅಪ್ಪ-ಅಮ್ಮನನ್ನೂ ಕರೆಸಿಕೊಳ್ಳುವ ಯೋಚನೆ. "ಅಲ್ಲಿ ಈಗಲೂ ಬಣ್ಣ ನೋಡುತ್ತಾರಾ? ಸುದ್ದಿ ನೋಡಿದರೆ ಭಯ ಆಗುತ್ತೆ" ಎಂದು ಬರೆದಿದ್ದೀರಿ.

ನೋಡುತ್ತಾರೆ. ಆದರೆ ಸುದ್ದಿಯಾಗುವುದು ಒಂದು ಬಗೆ, ದಿನಾ ಎದುರಾಗುವುದು ಇನ್ನೊಂದು. 2012ರಲ್ಲಿ ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರಕ್ಕೆ ನುಗ್ಗಿ ಗುಂಡು ಹಾರಿಸಿದರು. 2017ರ ಫೆಬ್ರವರಿಯಲ್ಲಿ ಕಾನ್ಸಸ್‌ನ ಓಲೇತದ ಬಾರೊಂದರಲ್ಲಿ ಎಂಜಿನಿಯರ್ ಶ್ರೀನಿವಾಸ ಕೂಚಿಭೊಟ್ಲ ಅವರನ್ನು ಕೊಂದರು. ಮತ್ತೆ ಆಗುವುದಿಲ್ಲ ಎಂದು ಯಾರೂ ಬರೆದುಕೊಡಲಾರರು, ಆದರೂ ಅಂಥವು ಅಪರೂಪ. ನಿಮ್ಮ ಪಾಲಿಗೆ ಬರುವುದು ಸಣ್ಣಪುಟ್ಟದ್ದು, ಬೆರಳಿಟ್ಟು ತೋರಿಸಲಾಗದ್ದು. ಅಂಗಡಿಯ ಸೆಕ್ಯುರಿಟಿಯವನು ಸುಮ್ಮನೆ ನಿಮ್ಮ ಹಿಂದೆಯೇ ಸುತ್ತುತ್ತಾನೆ. ಮೀಟಿಂಗಿನಲ್ಲಿ ನೀವು ಹೇಳಿದಾಗ ಯಾರ ಕಿವಿಗೂ ಬೀಳದ ಮಾತು ಪಕ್ಕದವನು ಹೇಳಿದಾಗ ಎಲ್ಲರಿಗೂ ಹಿಡಿಸುತ್ತದೆ. ಹೆಸರು ಹೇಳಿದೊಡನೆ ಬಾಡಿಗೆ ಮನೆ ಭರ್ತಿಯಾಗಿಬಿಡುತ್ತದೆ. 2024ರ ಡಿಸೆಂಬರಿನಲ್ಲಿ ಎಚ್-1ಬಿ ಬೇಕೇ ಬೇಡವೇ ಎಂದು ಎದ್ದ ಜಗಳದ ನಂತರ ಆನ್‌ಲೈನ್ ಬೈಗುಳಕ್ಕಂತೂ ನಾಚಿಕೆಯೇ ಉಳಿದಿಲ್ಲ.

ಪ್ರತಿಯೊಂದಕ್ಕೂ "ಇದು ಬಣ್ಣದಿಂದಲೇ ಆಯಿತಾ" ಎಂದು ತಲೆಕೆಡಿಸಿಕೊಂಡರೆ ರಾತ್ರಿ ನಿದ್ದೆ ಬರುವುದಿಲ್ಲ. ಕೆಲಸಕ್ಕೆ, ಮನೆಗೆ, ಮಗುವಿನ ಶಾಲೆಗೆ, ಮೈಗೆ ಪೆಟ್ಟು ಬಿತ್ತೇ ಎಂದು ನೋಡಿ. ಬಿದ್ದಿದ್ದರೆ ಅದಕ್ಕೊಂದು ಕಾನೂನಿದೆ, ಆ ಕಾನೂನಿಗೆ ಗಡುವಿದೆ, ಗಡುವು ಯಾರಿಗೂ ಕಾಯುವುದಿಲ್ಲ. ಬಿದ್ದಿಲ್ಲವಾದರೆ ಹೆಚ್ಚಿನವನ್ನು ಅಲ್ಲಿಗೇ ಬಿಡಿ.

ಕೆಲವು ಬರೀ ಕಂಪ್ಯೂಟರಿನ ಪೆದ್ದುತನ. ಇನಿಷಿಯಲ್ ಇಟ್ಟುಕೊಳ್ಳುವ ನಮ್ಮವರ ಪಾಸ್‌ಪೋರ್ಟ್‌ಗಳಲ್ಲಿ ಒಂದೇ ಹೆಸರಿದ್ದು ಇನ್ನೊಂದು ಕಾಲಂ ಖಾಲಿ ಇದ್ದರೆ, ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ "ಎಫ್‌ಎನ್‌ಯು" (ಫಸ್ಟ್ ನೇಮ್ ಅನ್ನೋನ್, ಮೊದಲ ಹೆಸರು ಗೊತ್ತಿಲ್ಲ) ಎಂದು ಅಚ್ಚಾಗುತ್ತದೆ. ಮುಂದೆ ಬ್ಯಾಂಕು, ಲೈಸೆನ್ಸು, ಆಫೀಸಿನ ಈಮೇಲ್ ಎಲ್ಲದರಲ್ಲೂ ನೀವು "ಫ್ನು". ಸ್ಟಾಂಪಿಂಗ್‌ಗೆ ಮುಂಚೆಯೇ ಪಾಸ್‌ಪೋರ್ಟಿನಲ್ಲಿ ಎರಡೂ ಕಾಲಂ ತುಂಬಿಸಿಕೊಳ್ಳಿ.

ಆಫೀಸಿನ ವಿಷಯದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯಿದೆಯೇ ಆಧಾರ. 15 ಅಥವಾ ಹೆಚ್ಚು ನೌಕರರಿರುವ ಕಂಪನಿಗಳಿಗೆ ಅದು ಅನ್ವಯಿಸುತ್ತದೆ. ಅದಕ್ಕಿಂತ ಚಿಕ್ಕ ಕಡೆ ಜನಾಂಗದ ಕಾರಣಕ್ಕೆ ಅನ್ಯಾಯವಾದರೆ 1866ರ ಹಳೆಯ ಕಾಯಿದೆಯೊಂದು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಇಇಒಸಿ ಎಂಬ ಫೆಡರಲ್ ಕಚೇರಿಗೆ ದೂರು ಕೊಡಲು 180 ದಿನ, ರಾಜ್ಯದಲ್ಲೂ ಅಂಥದೇ ಕಚೇರಿ ಇದ್ದರೆ 300. ನೀವು 180 ಎಂದೇ ಎಣಿಸಿಕೊಳ್ಳಿ. ಟೆಕ್ಸಸ್‌ನ ಕಚೇರಿಯ ಗಡುವು ಅಷ್ಟೇ. ಎಚ್‌ಆರ್‌ಗೆ ಹೇಳಿದ್ದೇವೆ, ವಿಚಾರಣೆ ನಡೆಯುತ್ತಿದೆ ಎಂದು ಕೂತರೆ ಆ ದಿನಗಳು ನಿಲ್ಲುವುದಿಲ್ಲ. ಎಚ್‌ಆರ್ ಇರುವುದು ಕಂಪನಿಯನ್ನು ಕಾಯಲು.

ನಮ್ಮವರು ಎಡವುವುದು ದೂರಿನ ಭಾಷೆಯಲ್ಲಿ. "ಮ್ಯಾನೇಜರ್ ನನ್ನನ್ನು ಸರಿಯಾಗಿ ನಡೆಸಿಕೊಳ್ಳುತ್ತಿಲ್ಲ" ಎಂದು ವಿನಯವಾಗಿ ಬರೆಯುತ್ತಾರೆ. ಕಾನೂನಿನ ಕಣ್ಣಿಗೆ ಅದು ಬರೀ ಗೊಣಗಾಟ. ಆಮೇಲೆ ಸೇಡು ತೀರಿಸಿಕೊಂಡರೂ ರಕ್ಷಣೆ ಸಿಗುವುದು ಕಷ್ಟ. "ರೇಸ್" (ಜನಾಂಗ) ಅಥವಾ "ನ್ಯಾಷನಲ್ ಒರಿಜಿನ್" (ಮೂಲ ದೇಶ) ಎಂಬ ಪದ ಆ ಈಮೇಲ್‌ನಲ್ಲಿ ಇರಲೇಬೇಕು. ಉಳಿದದ್ದು ಒಣಗಿದ ವರದಿಯಂತಿರಲಿ: ಸೋಮವಾರ 10:30ರ ಸ್ಟ್ಯಾಂಡ್‌ಅಪ್, ಇಂಥವರು ಆಡಿದ ಮಾತು ಅಕ್ಷರಶಃ ಇದು, ಈ ಇಬ್ಬರು ಅಲ್ಲಿದ್ದರು, ಅದೇ ವಾರ ನನ್ನನ್ನು ಪ್ರಾಜೆಕ್ಟಿನಿಂದ ತೆಗೆದರು. ಕಂಪನಿಯ ಗುಟ್ಟಿನ ಫೈಲುಗಳನ್ನು ಸ್ವಂತ ಮೇಲ್‌ಗೆ ಫಾರ್ವರ್ಡ್ ಮಾಡಬೇಡಿ, ಕೆಲಸದಿಂದ ತೆಗೆಯಲು ಅದೇ ನೆಪವಾಗುತ್ತದೆ. ನಿಮ್ಮ ಟಿಪ್ಪಣಿ ನಿಮ್ಮ ಪುಸ್ತಕದಲ್ಲಿರಲಿ. ಫೋನಿನಲ್ಲಿ ಗುಟ್ಟಾಗಿ ರೆಕಾರ್ಡ್ ಮಾಡಲು ಟೆಕ್ಸಸ್‌ನಲ್ಲಿ ಮಾತಾಡುವವರಲ್ಲಿ ಒಬ್ಬರ ಒಪ್ಪಿಗೆ, ಅಂದರೆ ನಿಮ್ಮದೇ, ಸಾಕು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಎಲ್ಲರ ಒಪ್ಪಿಗೆ ಬೇಕು. ಆ ಕಡೆ ಕೂತವರ ಕಾಲ್ ರೆಕಾರ್ಡ್ ಮಾಡಿದರೆ ಸಿಕ್ಕಿಬೀಳುವವರು ನೀವೇ.

ಉಚ್ಚಾರಣೆ ಸರಿಯಿಲ್ಲ ಎಂದು ಬಡ್ತಿ ತಪ್ಪಿಸುವಂತಿಲ್ಲ, ಕೆಲಸಕ್ಕೇ ಅದರಿಂದ ನಿಜವಾಗಿ ಅಡ್ಡಿಯಾಗುತ್ತಿದ್ದರೆ ಮಾತ್ರ ಅದು ಕಾರಣವಾಗಬಹುದು. ಊಟದ ಹೊತ್ತಿನಲ್ಲೂ ಕನ್ನಡ ಆಡಕೂಡದು ಎಂಬಂಥ ಸಾರಾಸಗಟು ನಿಯಮವನ್ನು ಇಇಒಸಿ ಕಾನೂನುಬಾಹಿರ ಎಂದೇ ಎಣಿಸುತ್ತದೆ. ಇಷ್ಟಿದ್ದೂ ಎಚ್-1ಬಿಯವರು ಬಾಯಿ ಬಿಡದಿರುವುದಕ್ಕೆ ಕಾರಣ ಗೊತ್ತೇ ಇದೆ. ಕೆಲಸ ಹೋದರೆ ಹೊಸ ಸ್ಪಾನ್ಸರ್ ಹುಡುಕಲು ಇರುವುದು ಹೆಚ್ಚೆಂದರೆ 60 ದಿನ. ಆದ್ದರಿಂದ ದೂರು ಕೊಡುವ ಮುಂಚೆ ಬೇರೆ ಕಡೆ ಅರ್ಜಿ ಹಾಕಲು ಶುರು ಮಾಡಿ. ಇದು ಹೇಡಿತನವಲ್ಲ, ಲೆಕ್ಕಾಚಾರ.

ಇನ್ನು ಪೊಲೀಸರು. ಹೊಸಬರ ಕೆಲವು ಅಭ್ಯಾಸಗಳು ನಿಜಕ್ಕೂ ಅಪಾಯ ತರುವುದು ಇಲ್ಲೇ. ಹಿಂದೆ ಕೆಂಪು-ನೀಲಿ ದೀಪ ಕಂಡರೆ ಬಲಕ್ಕೆ ಸಿಗ್ನಲ್ ಹಾಕಿ ನಿಧಾನಿಸಿ, ರಸ್ತೆಯಂಚಿಗೆ ನಿಲ್ಲಿಸಿ. ಎಂಜಿನ್ ಆಫ್, ಗಾಜು ಕೆಳಗೆ, ರಾತ್ರಿಯಾದರೆ ಒಳಗಿನ ದೀಪ ಆನ್. ಎರಡೂ ಕೈ ಸ್ಟೀರಿಂಗ್ ಮೇಲೆ ಕಾಣುವಂತಿರಲಿ. ಕೆಳಗಿಳಿದು "ಸರ್" ಎನ್ನುತ್ತ ಅವರ ಗಾಡಿಯ ಹತ್ತಿರ ಹೋಗುವ ನಮ್ಮೂರ ಅಭ್ಯಾಸವನ್ನು ವಿಮಾನದಲ್ಲೇ ಬಿಟ್ಟು ಬನ್ನಿ. ಇಲ್ಲಿ ಅದು ದಾಳಿಗೆ ಬಂದಂತೆ ಕಾಣುತ್ತದೆ. ಕಾಗದ ಕೇಳುವ ಮುಂಚೆ ಗ್ಲೋವ್ ಬಾಕ್ಸಿಗೆ ಕೈ ಹಾಕಬೇಡಿ. ಕೇಳಿದ ಮೇಲೂ "ಪರ್ಸ್ ಹಿಂದಿನ ಜೇಬಿನಲ್ಲಿದೆ, ತೆಗೆಯುತ್ತಿದ್ದೇನೆ" ಎಂದು ಹೇಳಿ ನಿಧಾನ ತೆಗೆಯಿರಿ. ಬೇಕಾದದ್ದು ಲೈಸೆನ್ಸು, ರಿಜಿಸ್ಟ್ರೇಷನ್, ಇನ್ಶೂರೆನ್ಸ್. ವಿದೇಶಿಯರು ತಮ್ಮ ದಾಖಲೆ ಜೊತೆಗಿಟ್ಟುಕೊಳ್ಳಬೇಕೆಂದು ಕಾನೂನೇ ಇರುವುದರಿಂದ ದೇಶದೊಳಗೆ ಬಂದದ್ದರ ದಾಖಲೆಯಾದ ಐ-94ರ ಪ್ರಿಂಟೂ ಇರಲಿ. ಕಾರು ಶೋಧಿಸಲೇ ಎಂದು ಕೇಳಿದರೆ "ಐ ಡೋಂಟ್ ಕನ್ಸೆಂಟ್" ಎಂದು ಮೆಲ್ಲಗೆ ಹೇಳಬಹುದು. ಆಮೇಲೂ ಶೋಧಿಸಿದರೆ ತಡೆಯಲು ಹೋಗಬೇಡಿ. ಜಗಳ ಏನಿದ್ದರೂ ಕೋರ್ಟಿನಲ್ಲಿ. ಪೊಲೀಸರು ಮೈಮೇಲೆ ಧರಿಸುವ ಬಾಡಿ ಕ್ಯಾಮೆರಾದ ವೀಡಿಯೊ ಇಂತಿಷ್ಟು ದಿನಕ್ಕೆ ಅಳಿಸಿಹೋಗುತ್ತದೆ, ಆದ್ದರಿಂದ ದೂರು ಕೊಡುವುದಿದ್ದರೆ ಬೇಗ ಬರೆದು ಕೇಳಬೇಕು.

ಅಪ್ಪ-ಅಮ್ಮನ ವಿಷಯಕ್ಕೆ 2015ರ ಅಲಬಾಮಾ ಪ್ರಕರಣ ಗೊತ್ತಿರಲಿ. ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ ಸುರೇಶಭಾಯಿ ಪಟೇಲ್ ಮ್ಯಾಡಿಸನ್ ಊರಿನಲ್ಲಿ ಮಗನ ಮನೆಯ ಬೀದಿಯಲ್ಲಿ ವಾಕಿಂಗ್ ಹೋಗಿದ್ದರು. ಯಾರೋ ಅನುಮಾನದಿಂದ ಪೊಲೀಸರಿಗೆ ಫೋನ್ ಮಾಡಿದರು. ಇಂಗ್ಲಿಷ್ ಬಾರದ ಅವರನ್ನು ಅಧಿಕಾರಿ ನೆಲಕ್ಕೆ ಕೆಡವಿದ, ಆ ಪೆಟ್ಟಿಗೆ ಅವರ ಮೈಯ ಕೆಲವು ಭಾಗ ಸ್ವಾಧೀನ ತಪ್ಪಿತು. ಅಧಿಕಾರಿ ಫೆಡರಲ್ ಮೊಕದ್ದಮೆಯಿಂದ ಖುಲಾಸೆಯಾದ. ಹಾಗಂತ ಹಿರಿಯರನ್ನು ಮನೆಯಲ್ಲಿ ಕೂಡಿಹಾಕಬೇಡಿ. ಜೇಬಿನಲ್ಲಿ ಒಂದು ಚೀಟಿ ಇರಲಿ: ಹೆಸರು, ಮನೆಯ ವಿಳಾಸ, ನಿಮ್ಮ ನಂಬರ್, ಕನ್ನಡ ಮಾತ್ರ ಬರುತ್ತದೆ ಎಂಬುದು ಇಂಗ್ಲಿಷಿನಲ್ಲಿ. ಪೊಲೀಸರು ಕೂಗಿದರೆ ನಿಂತುಬಿಡಬೇಕು, ಕೈ ಜೇಬಿನಿಂದ ಹೊರಗಿರಬೇಕು, ತಿರುಗಿ ನಡೆಯಕೂಡದು, ಆ ಚೀಟಿಗೂ ತಡಕಾಡಕೂಡದು. ಕುತ್ತಿಗೆಗೆ ನೇತುಹಾಕಿದ ಕಾರ್ಡಾದರೆ ಇನ್ನೂ ಒಳ್ಳೆಯದು. ಪರರ ಹುಲ್ಲಿನ ಮೇಲೆ ಕಾಲಿಡುವುದು, ಕಟ್ಟುತ್ತಿರುವ ಮನೆಯೊಳಗೆ ಇಣುಕುವುದು, ಪಾರ್ಕಿನಲ್ಲಿ ಬೇರೆಯವರ ಮಗುವಿನ ಕೆನ್ನೆ ಸವರುವುದು ಬೇಡ. ಆಸ್ಪತ್ರೆಗೆ ಹೋದರೆ ಉಚಿತವಾಗಿ ದುಭಾಷಿ ಕೇಳಿ. ಕೇಳದೆ ಹಿಂದಿಯವರನ್ನು ಕೊಟ್ಟರೆ "ಕನ್ನಡವೇ ಬೇಕು" ಎಂದು ಹಟ ಹಿಡಿಯಿರಿ, ಫೋನಿನ ಮೂಲಕ ಸಿಗುತ್ತಾರೆ.

ಬಾಡಿಗೆ ಮನೆಗೆ 1968ರ ಫೇರ್ ಹೌಸಿಂಗ್ ಕಾಯಿದೆ ಇದೆ. ಹಡ್ ಎಂಬ ಫೆಡರಲ್ ವಸತಿ ಇಲಾಖೆಗೆ ದೂರು ಕೊಡಲು ಒಂದು ವರ್ಷ. ಮಾಲೀಕನೇ ವಾಸವಿರುವ, ನಾಲ್ಕರವರೆಗೆ ಮನೆಗಳಿರುವ ಚಿಕ್ಕ ಕಟ್ಟಡಕ್ಕೆ ವಿನಾಯಿತಿ ಉಂಟು. ವಿಚಾರಿಸುವಾಗ ಫೋನ್ ಬೇಡ, ಈಮೇಲ್ ಮಾಡಿ. "ಖಾಲಿ ಇಲ್ಲ" ಎಂದ ದಿನವೇ ಬೇರೆ ಬಗೆಯ ಹೆಸರಿನ ಸ್ನೇಹಿತರೊಬ್ಬರು ಅದೇ ಮನೆ ಕೇಳಲಿ. "ಇದೆ, ಬನ್ನಿ" ಎಂಬ ಉತ್ತರ ಬಂದರೆ ಎರಡು ಮೇಲ್‌ಗಳೇ ಸಾಕ್ಷಿ.

ಮನೆ ಹುಡುಕುವಾಗ "ಆ ಕಡೆ ಕರಿಯರು ಜಾಸ್ತಿ, ಬೇಡ" ಎಂಬ ಸಲಹೆ ಮೊದಲು ಬರುವುದು ನಮ್ಮವರಿಂದಲೇ. ನಗುತ್ತ, ಊಟ ಬಡಿಸುತ್ತ ಹೇಳುತ್ತಾರೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರು ತಾನು ಮೇಲ್ಜಾತಿಯ ಆರ್ಯ, ಹಾಗಾಗಿ ಬಿಳಿಯ ಎಂದು ಪೌರತ್ವ ಕೇಳಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಆಮೇಲೆ, ಅದಾಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರೂ ಅದನ್ನು ಕಳೆದುಕೊಂಡರು. ನಮಗೆ ಬಾಗಿಲು ತೆರೆದದ್ದು 1965ರ ವಲಸೆ ಕಾಯಿದೆ, ಅದರ ಹಿಂದಿದ್ದದ್ದು ಕಪ್ಪು ಜನರ ಹೋರಾಟ. ಜಾತಿಯೂ ಇಲ್ಲಿಗೆ ಬಂದಿದೆ. 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯ ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಅಂಥದೇ ಮಸೂದೆಯನ್ನು ಗವರ್ನರ್ ತಿರಸ್ಕರಿಸಿದರು. ಕನ್ನಡ ಕೂಟದ ಪರಿಚಯದಲ್ಲಿ "ಯಾವ ಕಡೆಯವರು?" ಎಂದಾದ ಮೇಲೆ "ಮನೆದೇವರು ಯಾವುದು?" ಬಂದರೆ ಏನು ಕೇಳುತ್ತಿದ್ದಾರೆಂದು ನಿಮಗೆ ತಿಳಿಯುತ್ತದೆ.

ಕೊನೆಗೆ, ಮಗಳ ಹೆಸರು ಚಿಕ್ಕದು ಮಾಡಬೇಕೇ ಎಂದಿದ್ದೀರಿ. ಬೇಡ. ಶಾಲೆ ಶುರುವಾಗುವ ಮುಂಚೆ ಟೀಚರ್‌ಗೆ ಹೆಸರನ್ನು ಅಕ್ಷರ ಬಿಡಿಸಿ ಮೇಲ್ ಮಾಡಿ, ಉಚ್ಚಾರಣೆಯ ಧ್ವನಿ ಕ್ಲಿಪ್ ಜೊತೆಗಿಡಿ. ಹೆಚ್ಚಿನವರು ಕಲಿಯುತ್ತಾರೆ. ಡಬ್ಬಿಯ ವಾಸನೆ, ಮೈಬಣ್ಣ ಹಿಡಿದು ಮಕ್ಕಳು ಕಾಡಿದರೆ ಮೊದಲು ಟೀಚರ್‌ಗೆ, ಒಂದು ವಾರದೊಳಗೆ ನಿಲ್ಲದಿದ್ದರೆ ಪ್ರಿನ್ಸಿಪಾಲ್‌ಗೆ, ಬರವಣಿಗೆಯಲ್ಲೇ. ಅಲ್ಲೂ ಆಗದಿದ್ದರೆ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ 180 ದಿನದೊಳಗೆ ದೂರು. ಮಗಳಿಗೆ "ನಿರ್ಲಕ್ಷ್ಯ ಮಾಡು" ಎಂದಷ್ಟೇ ಹೇಳಿ ಬಿಡಬೇಡಿ. ಯಾರು, ಯಾವಾಗ, ಏನಂದರು ಎಂದು ಅವತ್ತೇ ಸಂಜೆ ಕೇಳಿ, ತಾರೀಕು ಹಾಕಿ ಬರೆದಿಡಿ.