ಮೂತ್ರಕೋಶದ ಗೆಡ್ಡೆ ತೆಗೆಸಲು ಲೇಸರ್ರೇ ಬೇಕಾ?

"ಅಪ್ಪನ ಮೂತ್ರಕೋಶದಲ್ಲಿ ಗೆಡ್ಡೆ ಇದೆ. ತುಮಕೂರಿನ ಡಾಕ್ಟರು ಬೈಪೋಲಾರ್ ಸಾಕು ಅಂತಾರೆ, ಬೆಂಗಳೂರಿನವರು ಲೇಸರ್ ಅಂತಾರೆ, ಖರ್ಚೂ ಜಾಸ್ತಿ. ಯಾವುದು ಮಾಡಿಸಲಿ?" ಎಂದು ಕೇಳಿದ್ದೀರಿ.

ನಾನು ಡಾಕ್ಟರಲ್ಲ. ತುಮಕೂರಿನಲ್ಲೇ ಆಪರೇಷನ್ ಥಿಯೇಟರ್ ಟೆಕ್ನಿಷಿಯನ್. ಮೆಷಿನ್ನಿಗೆ ವೈರು ಸಿಕ್ಕಿಸುವುದು, ಸಲೈನ್ ಬದಲಾಯಿಸುವುದು ನನ್ನ ಕೆಲಸ. ಅಲ್ಲಿ ನಿಂತು ಕಂಡದ್ದಿಷ್ಟು.

ಬೈಪೋಲಾರ್ ಅಂದರೆ ಕರೆಂಟಿನಿಂದ ಗೆಡ್ಡೆ ಕತ್ತರಿಸುವ ಒಂದು ಬಗೆ. ಅದಕ್ಕಿಂತ ಹಳೆಯದು ಮಾನೋಪೋಲಾರ್. ಮೂತ್ರದ ದಾರಿಯಲ್ಲಿ ಹಾಕಿದ ಕೊಳವೆಯ ತುದಿಯಲ್ಲಿ ಕತ್ತರಿಸುವ ತಂತಿಯ ಬಳೆ ಇರುತ್ತದೆ, ಅದೇ ಲೂಪು. ಲೂಪಿನಿಂದ ಹೊರಟ ಕರೆಂಟು ರೋಗಿಯ ಮೈಯಲ್ಲಿ ಹಾದು ತೊಡೆಗೆ ಅಂಟಿಸಿದ ಪ್ಲೇಟಿಗೆ ಬರುತ್ತದೆ. ಒಳಗೆ ಹರಿಸಲು ಇದಕ್ಕೆ ಸಲೈನ್ (ಉಪ್ಪುನೀರು) ಆಗದು, ಗ್ಲೈಸಿನ್ ಅನ್ನುವ ಉಪ್ಪಿಲ್ಲದ ದ್ರಾವಣ ಹರಿಸಬೇಕು. ಅದು ಹೆಚ್ಚು ರಕ್ತಕ್ಕೆ ಸೇರಿದರೆ ಸೋಡಿಯಂ ಇಳಿದು ರೋಗಿಗೆ ಗೊಂದಲವಾಗುತ್ತದೆ. ಬೈಪೋಲಾರಿನಲ್ಲಿ ಕರೆಂಟು ಲೂಪಿನ ಹತ್ತಿರದಲ್ಲೇ ಸುತ್ತಿ ವಾಪಸಾಗುತ್ತದೆ, ಸಲೈನ್ ಸಾಕು. ಆ ಭಯ ಬಹುಮಟ್ಟಿಗೆ ಹೋಯಿತು.

ಇನ್ನೊಂದು ಭಯ ಪೂರ್ತಿ ಹೋಗಿಲ್ಲ. ಗೆಡ್ಡೆ ಪಕ್ಕದ ಗೋಡೆಯಲ್ಲಿದ್ದರೆ ಅದರಾಚೆಯೇ ತೊಡೆಗೆ ಹೋಗುವ ಆಬ್ಟುರೇಟರ್ ನರ. ಕರೆಂಟು ತಾಕಿದರೆ ಬೆನ್ನಿಗೆ ಸೂಜಿ ಕೊಟ್ಟಿದ್ದರೂ ಕಾಲು ಎಗರುತ್ತದೆ. ಪಾವಗಡ ಕಡೆಯ ಒಬ್ಬ ಅಜ್ಜ ಸುಮ್ಮನೆ ಮಲಗಿದ್ದವರು, ಕಾಲು ಝಾಡಿಸಿದ್ದಕ್ಕೆ ತಾವೇ ಬೆಚ್ಚಿ "ಯಾರಪ್ಪ ಒದ್ದಿದ್ದು?" ಅಂದರು. ಡಾಕ್ಟರು ಕರೆಂಟು ಬಿಡುವ ಪೆಡಲಿನಿಂದ ಕಾಲು ತೆಗೆದಾಗಿತ್ತು, ಸದ್ಯ. ಇಲ್ಲವಾದರೆ ಲೂಪು ಗೋಡೆಯನ್ನೇ ತೂತು ಮಾಡಬಹುದು. ಅದಕ್ಕೇ ಆ ನರಕ್ಕೆ ಬೇರೆ ಇಂಜೆಕ್ಷನ್ ಕೊಡುವುದೋ, ಪೂರ್ತಿ ಅರಿವಳಿಕೆ ಕೊಟ್ಟು ಸ್ನಾಯು ಸಡಿಲಿಸುವುದೋ ಮಾಡುತ್ತಾರೆ.

ಹೋಲ್ಮಿಯಂ, ಥುಲಿಯಂ ಲೇಸರುಗಳಲ್ಲಿ ಮೈಗೆ ಕರೆಂಟೇ ಹರಿಯುವುದಿಲ್ಲ. ಪಕ್ಕದ ಗೋಡೆಯ ಗೆಡ್ಡೆಗೆ, ಪೇಸ್‌ಮೇಕರ್ ಇರುವವರಿಗೆ ಅದು ನಿಜಕ್ಕೂ ಅನುಕೂಲ. ಸಣ್ಣ ಗೆಡ್ಡೆಯನ್ನು ಬುಡಸಮೇತ ಒಂದೇ ತುಂಡಾಗಿ ಬಿಡಿಸಬಹುದು. ದೊಡ್ಡದಾದರೆ ಆ ತುಂಡು ಕೊಳವೆಯಲ್ಲಿ ಹೊರಬರುವುದೇ ಕಷ್ಟ. ಲೇಸರ್ ಮಾಡಿಸಿದರೆ ಗೆಡ್ಡೆ ಮತ್ತೆ ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ.

ಮೆಷಿನ್ನಿಗಿಂತ ನಾನು ನೋಡುವುದು ಫಾರ್ಮಲಿನ್ ಡಬ್ಬಿ, ಅಂದರೆ ತೆಗೆದ ತುಂಡನ್ನು ಕೆಡದಂತೆ ಪರೀಕ್ಷೆಗೆ ಕಳಿಸುವ ಡಬ್ಬಿ. ಒಂದರಲ್ಲಿ ಗೆಡ್ಡೆ, ಇನ್ನೊಂದರಲ್ಲಿ ಅದರ ಬುಡ. ಬುಡದಲ್ಲಿ ಸ್ನಾಯು ಸಿಕ್ಕಿದ್ದರೆ ತಾನೆ ಕ್ಯಾನ್ಸರ್ ಎಷ್ಟು ಆಳಕ್ಕೆ ಇಳಿದಿದೆ ಅಂತ ಬಯಾಪ್ಸಿಯವರು ಹೇಳುವುದು? ಸಿಗದಿದ್ದರೆ ಸಾಮಾನ್ಯವಾಗಿ 2ರಿಂದ 6 ವಾರದೊಳಗೆ ಮತ್ತೆ ಥಿಯೇಟರಿಗೆ ಬರಬೇಕಾಗುತ್ತದೆ. ಹಾಗಾಗಿ ಡಾಕ್ಟರನ್ನು ಎರಡೇ ಕೇಳಿ: ಗೆಡ್ಡೆ ಯಾವ ಗೋಡೆಯಲ್ಲಿದೆ, ಬುಡವನ್ನು ಬೇರೆ ಡಬ್ಬಿಯಲ್ಲಿ ಪರೀಕ್ಷೆಗೆ ಕಳಿಸುತ್ತೀರಾ? ಪಕ್ಕದ ಗೋಡೆಯಲ್ಲ, ಪೇಸ್‌ಮೇಕರ್ ಇಲ್ಲ, ರಕ್ತ ತೆಳುವಾಗಿಸುವ ಮಾತ್ರೆಯೂ ಇಲ್ಲ ಅಂದರೆ, ನಮ್ಮಪ್ಪನಾಗಿದ್ದರೆ ನಾನು ಇಲ್ಲೇ ಬೈಪೋಲಾರ್ ಮಾಡಿಸುತ್ತಿದ್ದೆ.

ಅಂದಹಾಗೆ, ಅಪ್ಪ ಬೀಡಿ ಸೇದುತ್ತಾರಾ? ನೀವು ಅದನ್ನು ಬರೆದೇ ಇಲ್ಲ.